ನೂರರ ವ್ಯತ್ಯಾಸ: ಟ್ಯೂರಿಂಗನ ಪ್ರಬಂಧದ ಒಂದು ಓದು

ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆ ವಿಜ್ಞಾನಿಗಳ ಕೋಣೆಯಿಂದ ಹೊರಬಂದು ಮನೆಮನೆಯ ಜಗಲಿಗೆ ತಲುಪಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಂಭಾಷಣಾಯಂತ್ರ ಸಾರ್ವಜನಿಕರ ಕೈಗೆ ಬಂದ ಮೇಲೆ ಈ ವಿಷಯದಲ್ಲಿ ಅಭಿಪ್ರಾಯ ಇಲ್ಲದವರೇ ಇಲ್ಲ. ಅಭಿಪ್ರಾಯ ಹೇಳುವವರೆಲ್ಲರೂ ತಪ್ಪದೆ ಹೆಸರಿಸುವ ಒಂದು ಬರೆಹವಿದೆ. ಅದು ಅಲನ್ ಟ್ಯೂರಿಂಗ್ ಎಂಬ ಇಂಗ್ಲಿಷ್ ಗಣಿತಜ್ಞ 1950ರ ಅಕ್ಟೋಬರಿನಲ್ಲಿ 'ಮೈಂಡ್' ಎಂಬ ತತ್ತ್ವಶಾಸ್ತ್ರದ ತ್ರೈಮಾಸಿಕದಲ್ಲಿ ಪ್ರಕಟಿಸಿದ 'ಕಂಪ್ಯೂಟಿಂಗ್ ಮೆಶಿನರಿ ಆ್ಯಂಡ್ ಇಂಟೆಲಿಜೆನ್ಸ್'. ಇಪ್ಪತ್ತೆಂಟು ಪುಟಗಳ ಪ್ರಬಂಧ. ಹೆಸರಿಸುವವರು ಬಹಳ, ಓದಿದವರು ಕಡಿಮೆ ಎಂಬ ಭಾಗ್ಯ ದೊಡ್ಡ ಕೃತಿಗಳಿಗೆಲ್ಲ ಇರುವಂಥದೇ.

ಪ್ರಸ್ತುತ ಲೇಖಕ ವಿಜ್ಞಾನದ ವಿದ್ಯಾರ್ಥಿಯಲ್ಲ. ಬಿ.ಎ. ಓದಿ ಬ್ಯಾಂಕಿನ ಗುಮಾಸ್ತಿಕೆ ಮಾಡುವವನು. ಆದುದರಿಂದ ಈ ಪ್ರಬಂಧವನ್ನು ಒಂದು ಸಾಹಿತ್ಯಕೃತಿಯಂತೆ, ಅದರ ಮಾತು, ಉದಾಹರಣೆ, ಸಂವಾದಗಳನ್ನು ಹಿಡಿದುಕೊಂಡು ಓದುವುದಷ್ಟೇ ಇಲ್ಲಿಯ ಉದ್ದೇಶ. ಹಾಗೆ ಓದಲು ನಮಗೆ ನಮ್ಮದೇ ಆದ ಕಾರಣವೂ ಇದೆ. ಕೈಯಲ್ಲಿರುವ ಮೊಬೈಲೇ ಕನ್ನಡವನ್ನು ಮಲಯಾಳ ಮಾಡಿಕೊಡುವುದಾದರೆ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ ಅವರ ತಲೆಯ ಮೇಲೆ ಎರಡೆರಡು ಭಾಷೆಯ ಹೊರೆ ಹೊರಿಸುವುದೇಕೆ ಎಂದು ನಮ್ಮ ಹೆತ್ತವರು ಕೇಳತೊಡಗಿದ್ದಾರೆ. ಪ್ರಶ್ನೆ ಅಸಡ್ಡೆಯದಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ 'ಯೋಚಿಸುವುದು' ಎಂದರೇನು ಎಂಬಲ್ಲಿಂದಲೇ ಹೊರಡಬೇಕು.

ಟ್ಯೂರಿಂಗ್ ನಮಗೆ ತೀರ ದೂರದವನೂ ಅಲ್ಲ. ಅವನ ತಂದೆ ಜೂಲಿಯಸ್ ಟ್ಯೂರಿಂಗ್ ಮದರಾಸು ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿ ಸಾರಾ ಹುಟ್ಟಿದ್ದು 1881ರಲ್ಲಿ, ನಾವು ಕೊಯಮುತ್ತೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಕಾಣುವ ಪೋದನೂರಿನಲ್ಲಿ. ಆಕೆಯ ತಂದೆ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರರಾಗಿದ್ದವರು. ಅಲನ್ 1912ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿ ಅದೇ ಮದರಾಸು ಪ್ರಾಂತ್ಯದಲ್ಲಿತ್ತು. ಹೆತ್ತವರು ಇಲ್ಲಿ, ಮಗು ಅಲ್ಲಿ ಯಾರದೋ ಮನೆಯಲ್ಲಿ ಎಂಬ ಬಾಲ್ಯ ಅವನದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿಯನ್ನು ಬಿಡಿಸಿದವರಲ್ಲಿ ಪ್ರಮುಖನಾದ ಈತ 1954ರಲ್ಲಿ, ನಲ್ವತ್ತೆರಡು ತುಂಬುವ ಮೊದಲೇ ತೀರಿಕೊಂಡ.

1

ಪ್ರಬಂಧದ ಆರಂಭದಲ್ಲಿಯೇ ಟ್ಯೂರಿಂಗ್ ಒಂದು ಜಾಣತನ ಮಾಡುತ್ತಾನೆ. ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆಯ ಪದಗಳೇ ಅಸ್ಪಷ್ಟ ಎಂದು ಅದನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತಾನೆ. ಒಂದು ಕೋಣೆಯಲ್ಲಿ ಪ್ರಶ್ನೆ ಕೇಳುವವನು. ಇನ್ನೊಂದು ಕಡೆ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ. ಮುಖ ಕಾಣುವುದಿಲ್ಲ, ಧ್ವನಿ ಕೇಳುವುದಿಲ್ಲ. ಟೈಪು ಮಾಡಿದ ಮಾತು ಮಾತ್ರ. ಯಾವುದು ಯಂತ್ರ ಎಂದು ಕೇಳುವವನಿಗೆ ಗೊತ್ತಾಗದೆ ಹೋದರೆ ಯಂತ್ರ ಗೆದ್ದಿತು. ಇದನ್ನು ಅವನು 'ಅನುಕರಣೆಯ ಆಟ' ಎಂದು ಕರೆದ.

ಆಮೇಲೆ ಒಂದು ಮಾದರಿ ಸಂವಾದ ಬರುತ್ತದೆ. ಮುಖ್ಯವಾಗಿ ಮೂರು ಪ್ರಶ್ನೆಗಳು. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಮೇಲೆ ಒಂದು ಸಾನೆಟ್ ಬರೆದುಕೊಡು ಎಂಬುದು ಮೊದಲನೆಯದು. ಅದು ನನ್ನಿಂದಾಗದು, ಕವಿತೆ ನನ್ನ ಕೈಗೆ ಹತ್ತಿದ್ದೇ ಇಲ್ಲ ಎಂಬ ಭಾವದ ಉತ್ತರ. 34957ಕ್ಕೆ 70764 ಕೂಡಿಸು ಎಂಬುದು ಎರಡನೆಯದು. ಮೂವತ್ತು ಸೆಕೆಂಡು ಕಳೆದು ಉತ್ತರ ಬರುತ್ತದೆ: 105621. ಮೂರನೆಯದು ಚದುರಂಗದ ಒಂದು ಸುಲಭ ಸಮಸ್ಯೆ. ಹದಿನೈದು ಸೆಕೆಂಡು ಯೋಚಿಸಿ, ಆನೆಯನ್ನು ಮೇಲಕ್ಕೆ ನಡೆಸಿ ರಾಜನಿಗೆ ಮಾತ್ ಹೇಳುವ ಸರಿಯುತ್ತರ.

ಗುಮಾಸ್ತನ ಕಣ್ಣು ನಿಲ್ಲುವುದು ಎರಡನೆಯ ಉತ್ತರದ ಮೇಲೆ. ಕೂಡಿಸಿ ನೋಡಿದರೆ ಬರಬೇಕಾದುದು 105721. ನೂರರ ವ್ಯತ್ಯಾಸ! ಲೆಕ್ಕ ಟ್ಯಾಲಿ ಆಗದಿದ್ದಾಗ ವ್ಯತ್ಯಾಸದ ಮೊತ್ತವೇ ತಪ್ಪಿನ ಜಾತಿಯನ್ನು ಹೇಳುತ್ತದೆ ಎಂಬುದು ನಮ್ಮ ಕಸುಬಿನ ಹಳೆಯ ಪಾಠ. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಎಲ್ಲೋ ಎರಡು ಅಂಕಿಗಳು ಸ್ಥಾನ ಬದಲಿಸಿಕೊಂಡಿರಬಹುದು. ಸರಿಯಾಗಿ ಹತ್ತೋ ನೂರೋ ಬಂದರೆ 'ಕೈಯಲ್ಲಿ ಒಂದು' ಮರೆತಿರಬಹುದು. ಇಲ್ಲಿ ಆದುದು ಎರಡನೆಯದು. ಏಳೂ ನಾಲ್ಕೂ ಹನ್ನೊಂದು, ಕೈಯಲ್ಲಿ ಒಂದು. ಐದೂ ಆರೂ ಒಂದೂ ಹನ್ನೆರಡು, ಕೈಯಲ್ಲಿ ಒಂದು. ಒಂಬತ್ತೂ ಏಳೂ ಕೂಡಿಸುವಾಗ ಆ ಒಂದನ್ನು ಮರೆತು ಹದಿನಾರು ಎಂದು ಆರನ್ನು ಬರೆದರೆ ಬರುವುದು ಇದೇ ಉತ್ತರ. ಸಂಜೆ ಐದು ಗಂಟೆಗೆ ದಣಿದ ಮನುಷ್ಯ ಮಾಡುವ ತಪ್ಪು ಹೀಗೆಯೇ ಇರುತ್ತದೆ.

ಇದು ಅಚ್ಚಿನ ತಪ್ಪೇ, ಲೇಖಕನ ಎಡವಟ್ಟೇ, ಬೇಕೆಂದೇ ಇಟ್ಟುದೇ? ಉತ್ತರ ಕೃತಿಯೊಳಗೇ ಇದೆ. ಹತ್ತಾರು ಪುಟಗಳ ಬಳಿಕ, ಯಂತ್ರ ಲೆಕ್ಕದಲ್ಲಿ ತಪ್ಪುವುದಿಲ್ಲವಾದುದರಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ ಎಂಬ ಆಕ್ಷೇಪವನ್ನು ಎತ್ತಿಕೊಂಡು, ಆಟಕ್ಕಾಗಿ ತಯಾರಾದ ಯಂತ್ರ ಕೇಳುವವನನ್ನು ದಾರಿ ತಪ್ಪಿಸಲು ಬೇಕೆಂದೇ ತಪ್ಪು ಉತ್ತರ ಕೊಡಬಹುದು ಎಂದು ಟ್ಯೂರಿಂಗ್ ಹೇಳುತ್ತಾನೆ. ಈ ಮಾತನ್ನು ಹಿಂದಿನ ಸಂವಾದದ ಪಕ್ಕದಲ್ಲಿಟ್ಟು ಓದಿದಾಗ ಕಾಣೆಯಾದ ನೂರರ ಅರ್ಥ ಹೊಳೆಯುತ್ತದೆ. ಮಾದರಿ ಸಂವಾದದಲ್ಲಿ ಉತ್ತರ ಕೊಡುತ್ತಿರುವವನು ಮನುಷ್ಯನೋ ಯಂತ್ರವೋ ಎಂದು ಅವನು ಎಲ್ಲಿಯೂ ಹೇಳಿಲ್ಲ. ತಪ್ಪನ್ನು ಅಲ್ಲಿಟ್ಟು ಓದುಗನನ್ನೇ ಪ್ರಶ್ನೆ ಕೇಳುವವನ ಕುರ್ಚಿಯಲ್ಲಿ ಕೂರಿಸಿದ್ದಾನೆ. ಕೂಡಿಸಿ ನೋಡದೆ ಮುಂದೆ ಹೋದ ಓದುಗ ಆಟದಲ್ಲಿ ಸೋತಂತೆ. ಗಣಿತದ ಮನುಷ್ಯನಾದರೂ ಕಥೆಗಾರನ ಕೈಚಳಕ ಅವನಿಗಿತ್ತು.

ಕಾಲ ಈ ಚಿತ್ರವನ್ನು ತಿರುವುಮುರುವು ಮಾಡಿದೆ. 2020ರಲ್ಲಿ ಜಿಪಿಟಿ-3 ಎಂಬ ಭಾಷಾಯಂತ್ರ ಹೊರಬಂದಾಗ, ಐದಂಕಿಯ ಎರಡು ಸಂಖ್ಯೆಗಳನ್ನು ಕೂಡಿಸುವ ಪರೀಕ್ಷೆಯಲ್ಲಿ ಅದು ನೂರರಲ್ಲಿ ಹತ್ತು ಸಲವೂ ಸರಿಯುತ್ತರ ಕೊಟ್ಟಿರಲಿಲ್ಲ. ಟ್ಯೂರಿಂಗ್ ಕೊಟ್ಟುದೂ ಐದಂಕಿಯ ಲೆಕ್ಕವೇ. ಅವನ ಯಂತ್ರ ತಪ್ಪನ್ನು ನಟಿಸಬೇಕಾಗಿತ್ತು. ಈ ಯಂತ್ರ ನಿಜವಾಗಿಯೇ ತಪ್ಪಿತು. ಕಾರಣ, ಅದು ಲೆಕ್ಕ ಮಾಡುತ್ತಿರಲಿಲ್ಲ. ಹಿಂದೆ ಬಂದ ಮಾತುಗಳನ್ನು ನೋಡಿ ಮುಂದೆ ಯಾವ ಪದತುಂಡು ಬರುವ ಸಂಭವ ಹೆಚ್ಚು ಎಂದು ಊಹಿಸುತ್ತಿತ್ತು. ಆಮೇಲಿನ ಯಂತ್ರಗಳು ಬಹಳ ಸುಧಾರಿಸಿವೆ. ಬೇಕಾದಾಗ ಬೇರೆ ಗಣಕದ ಸಹಾಯ ಪಡೆದು ಲೆಕ್ಕ ಒಪ್ಪಿಸುತ್ತವೆ. ಆದರೆ ಊಹೆಯೇ ಅವುಗಳ ಬುಡ.

ಮೊದಲನೆಯ ಉತ್ತರದ ಕಥೆಯೂ ಇದೇ. ಇಂದಿನ ಯಂತ್ರಕ್ಕೆ ನಮ್ಮ ಚಂದ್ರಗಿರಿ ಸೇತುವೆಯ ಮೇಲೆ ಸಾನೆಟ್ ಬರೆ ಎಂದರೆ ಕೆಲವೇ ಕ್ಷಣದಲ್ಲಿ ಹದಿನಾಲ್ಕು ಸಾಲು ಇಳಿಸುತ್ತದೆ. 'ನನ್ನಿಂದಾಗದು' ಎಂದು ಕೈಮುಗಿಯುವ ಸ್ವಭಾವ ಅದಕ್ಕಿಲ್ಲ. ತನ್ನ ಮಿತಿ ಅರಿತು ಬರೆಯದೆ ಉಳಿಯುವುದೂ ಯೋಚನೆಯ ಒಂದು ಫಲ ಎಂಬುದನ್ನು ಕವಿಗೋಷ್ಠಿಗಳಲ್ಲಿ ಕುಳಿತ ಸಹೃದಯರು ಒಪ್ಪಿಯಾರು.

2

ಟ್ಯೂರಿಂಗನ ಆಟದ ಬಗೆಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿಂದ ಹೊರಡುತ್ತದೆ. ಯಂತ್ರ ಗೆಲ್ಲಬೇಕಾದರೆ ತನ್ನ ಶಕ್ತಿಯನ್ನು ಮುಚ್ಚಿಡಬೇಕು, ತಡವಾಗಿ ಉತ್ತರಿಸಬೇಕು, ತಪ್ಪು ಹೇಳಬೇಕು. ಈ ಪರೀಕ್ಷೆ ಅಳೆಯುವುದು ಯೋಚನೆಯನ್ನೋ ಮರೆಮಾಚುವಿಕೆಯನ್ನೋ? ಮುಂದೆ ನಡೆದುದನ್ನು ನೋಡಿ. 2014ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ 'ಯೂಜೀನ್ ಗೂಸ್ಟ್‌ಮನ್' ಎಂಬ ಕಾರ್ಯಕ್ರಮ ಮೂರರಲ್ಲೊಂದು ಪಾಲು ತೀರ್ಪುಗಾರರನ್ನು ನಂಬಿಸಿತು. ಅದರ ಉಪಾಯವೇನು? ತಾನು ಇಂಗ್ಲಿಷ್ ಸರಿಯಾಗಿ ಬಾರದ, ಉಕ್ರೇನಿನ ಹದಿಮೂರು ವರ್ಷದ ಹುಡುಗ ಎಂದು ಹೇಳಿಕೊಂಡುದು! 2025ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾನ್ ಡಿಯಾಗೋ ಕೇಂದ್ರದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಜಿಪಿಟಿ-4.5 ಎಂಬ ಯಂತ್ರವನ್ನು ಐದು ನಿಮಿಷದ ಮಾತುಕತೆಯ ಬಳಿಕ ನೂರಕ್ಕೆ 73 ಸಲ ಮನುಷ್ಯನೆಂದೇ ಎಣಿಸಿದರು. ಇಂಥ ಒಬ್ಬ ಯುವಕನಂತೆ ವರ್ತಿಸು ಎಂಬ ಸೂಚನೆ ಕೊಟ್ಟಾಗ ಬಂದ ಫಲ ಇದು. ಆ ಸೂಚನೆ ಇಲ್ಲದಾಗ ಐವತ್ತಕ್ಕಿಂತ ಕೆಳಗಿಳಿಯಿತು. ಎರಡು ಸಂದರ್ಭಗಳಲ್ಲಿಯೂ ಗೆದ್ದುದು ವೇಷ.

ವೇಷ ಎಂದಾಕ್ಷಣ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಕಿವಿ ನಿಮಿರುತ್ತದೆ. ಯಕ್ಷಗಾನದ ವೇಷಕ್ಕೂ ಈ ವೇಷಕ್ಕೂ ಒಂದು ದೊಡ್ಡ ಅಂತರವಿದೆ. ರಂಗದ ಮೇಲೆ ಬಂದ ರಾವಣ ಯಾರ ಮನೆಯ ಯಾರು ಎಂದು ಸಭೆಗೆ ಗೊತ್ತು. ಗೊತ್ತಿದ್ದೇ ಅವನನ್ನು ರಾವಣನೆಂದು ಒಪ್ಪುತ್ತೇವೆ. ಅಲ್ಲಿ ಮೋಸ ಇಲ್ಲ. ಟ್ಯೂರಿಂಗನ ಆಟದಲ್ಲಾದರೋ ಗುಟ್ಟು ರಟ್ಟಾದಾಕ್ಷಣ ಆಟ ಮುಗಿಯಿತು.

ಇನ್ನೂ ಹತ್ತಿರದ ಹೋಲಿಕೆ ತಾಳಮದ್ದಳೆಯದು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ತೊಟ್ಟ ಅರ್ಥಧಾರಿ ಕೇವಲ ಮಾತಿನ ಬಲದಿಂದ ಕೃಷ್ಣನಾಗಬೇಕು, ಕರ್ಣನಾಗಬೇಕು. ದೇಹವನ್ನು ಬದಿಗಿಟ್ಟು ಮಾತೊಂದರಿಂದಲೇ ವ್ಯಕ್ತಿಯನ್ನು ತೂಗುವ ಪರೀಕ್ಷೆ ಟ್ಯೂರಿಂಗನಿಗಿಂತ ಮೊದಲೇ ನಮ್ಮ ದೇವಸ್ಥಾನಗಳ ಗೋಪುರದಲ್ಲಿ, ಮನೆಗಳ ಚಾವಡಿಯಲ್ಲಿ ನಡೆಯುತ್ತಿತ್ತು ಎನ್ನಬಹುದು. ಅರ್ಥಧಾರಿಯ ಮಾತೂ ಬರೆದಿಟ್ಟುದಲ್ಲ. ಭಾಗವತರು ಹಾಡಿದ ಪದ, ಎದುರಿನ ಅರ್ಥಧಾರಿ ಆಗಷ್ಟೇ ಆಡಿದ ಮಾತು, ತಾನು ಓದಿದ ಪುರಾಣ ಇಷ್ಟನ್ನು ಹಿಡಿದು ಮುಂದಿನ ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾನೆ. ಹೊರನೋಟಕ್ಕೆ ಭಾಷಾಯಂತ್ರದ ಕೆಲಸವೂ ಹೀಗೆಯೇ ಕಾಣುತ್ತದೆ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ವಾಲಿವಧೆಯ ಪ್ರಸಂಗ ತೋರಿಸುತ್ತದೆ. ಎದೆಗೆ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದುದೇಕೆ ಎಂದು ಕೇಳುತ್ತಾನೆ. ಹೊಡೆದವನು ಮರದ ಮರೆಯಿಂದ ಹೊರಬಂದು, ಸಾಯುತ್ತಿರುವವನ ಮುಂದೆ ನಿಂತು ಉತ್ತರ ಕೊಡಲೇಬೇಕು. ಈ ಪ್ರಸಂಗದ ಸ್ವಾರಸ್ಯವಿರುವುದು ಆ ಹೊರಬರುವಿಕೆಯಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಜನರ ನೆನಪಿನಲ್ಲಿ ಉಳಿದುದು ಮಾತು ಚಂದವಿತ್ತು ಎಂಬುದಕ್ಕಷ್ಟೇ ಅಲ್ಲ. ಆಡಿದ ಮಾತಿಗೆ ಆಡಿದವರು ಬದ್ಧರಾಗಿ, ಎದುರಾಳಿ ಹಿಡಿದು ಕೇಳಿದಾಗ ಅಲ್ಲಿಯೇ ಸಮರ್ಥಿಸಿಕೊಳ್ಳಬೇಕಾಗಿತ್ತು ಎಂಬುದಕ್ಕೆ. ಸೋತರೆ ಸಭೆಯಲ್ಲಿ ತಲೆತಗ್ಗಿಸಬೇಕು. ಯಂತ್ರಕ್ಕೆ ತಗ್ಗಿಸಲು ತಲೆಯಿಲ್ಲ. ತಪ್ಪನ್ನು ತೋರಿಸಿದರೆ ಕ್ಷಮೆ ಕೇಳಿ, ಅಷ್ಟೇ ಸಲೀಸಾಗಿ ಇನ್ನೊಂದನ್ನು ಹೇಳುತ್ತದೆ.

ಆದರೂ ಟ್ಯೂರಿಂಗನ ತೆರೆಗೆ ಒಂದು ಉದಾತ್ತ ಮುಖವಿರುವುದನ್ನು ಮರೆಯಬಾರದು. ಮುಖ, ಮೈಬಣ್ಣ, ಹುಟ್ಟು ಯಾವುದನ್ನೂ ನೋಡದೆ ಮಾತಿನಿಂದಲೇ ಬೆಲೆಕಟ್ಟಿ ಎನ್ನುತ್ತದೆ ಅದು. ಸಲಿಂಗಪ್ರೇಮದ ಕಾರಣಕ್ಕೆ 1952ರಲ್ಲಿ ಅವನ ದೇಶದ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಮರಣೋತ್ತರ ಕ್ಷಮಾದಾನ ಬಂದುದು 2013ರಲ್ಲಿ. ತನ್ನನ್ನು ಜನರಿಂದ ಮುಚ್ಚಿಟ್ಟು ಬದುಕಬೇಕಾಗಿದ್ದ ಮನುಷ್ಯ ತೆರೆಯ ಹಿಂದಿನವನಿಗೆ ನ್ಯಾಯ ಬೇಡುವ ಆಟವನ್ನು ಕಲ್ಪಿಸಿದುದು ಆಕಸ್ಮಿಕವಾಗಿರಲಾರದು.

3

ಪ್ರಬಂಧದ ಅತ್ಯಂತ ಸೊಗಸಾದ ಭಾಗ ಷೇಕ್ಸ್‌ಪಿಯರನ ಸಾನೆಟ್ಟಿಗೆ ಸಂಬಂಧಿಸಿದ್ದು. ಭಾವನೆಯನ್ನು ಅನುಭವಿಸಿ ಸಾನೆಟ್ ಬರೆಯುವ ತನಕ ಯಂತ್ರವನ್ನು ಮೆದುಳಿಗೆ ಸಮಾನವೆಂದು ಒಪ್ಪಲಾಗದು ಎಂದು ಜೆಫರ್ಸನ್ ಎಂಬ ಶಸ್ತ್ರವೈದ್ಯ 1949ರಲ್ಲಿ ಹೇಳಿದ್ದ. ಅದಕ್ಕೆ ಉತ್ತರವಾಗಿ ಟ್ಯೂರಿಂಗ್ ಒಂದು ಮೌಖಿಕ ಪರೀಕ್ಷೆಯನ್ನು ಕಲ್ಪಿಸುತ್ತಾನೆ. ಪ್ರಿಯ ವ್ಯಕ್ತಿಯನ್ನು ಬೇಸಗೆಯ ದಿನಕ್ಕೆ ಹೋಲಿಸುವ ಪ್ರಸಿದ್ಧ ಆರಂಭವನ್ನು ಹಿಡಿದು, ಬೇಸಗೆಯ ಬದಲಿಗೆ ವಸಂತವೆಂದರೆ ಆಗದೇ ಎಂದು ಪರೀಕ್ಷಕ ಕೇಳುತ್ತಾನೆ. ಛಂದಸ್ಸು ಕೆಡುತ್ತದೆ ಎಂಬ ಉತ್ತರ. ಚಳಿಗಾಲ ಎಂದರೆ ಛಂದಸ್ಸು ಕೆಡದಲ್ಲ? ಕೆಡದು, ಆದರೆ ಚಳಿಗಾಲದ ದಿನಕ್ಕೆ ಹೋಲಿಸಿಕೊಳ್ಳಲು ಯಾರಿಗೂ ಇಷ್ಟವಿರದು. ಕ್ರಿಸ್ಮಸ್ಸೂ ಚಳಿಗಾಲದ ದಿನವೇ ಅಲ್ಲವೇ? ಚಳಿಗಾಲದ ದಿನವೆಂದರೆ ಸಾಮಾನ್ಯ ದಿನ, ಹಬ್ಬದ ದಿನವಲ್ಲ. ಯಂತ್ರವೊಂದು ಇಷ್ಟು ಉತ್ತರಿಸಿದರೆ, ಅದು ಗಿಳಿಪಾಠ ಒಪ್ಪಿಸುತ್ತಿದೆ ಎಂದು ಹೇಳುವಿರಾ ಎಂದು ಟ್ಯೂರಿಂಗ್ ಕೇಳುತ್ತಾನೆ.

ಈ ಪ್ರಶ್ನೆಯನ್ನು ನಮ್ಮ ಅಂಗಳಕ್ಕೆ ತಂದು ನೋಡೋಣ. ಇಂಗ್ಲೆಂಡಿನ ಬೇಸಗೆ ಹಿತವಾದುದು. ನಮ್ಮ ಬೇಸಗೆಯೆಂದರೆ ಬಾವಿಯ ತಳ ಕಾಣುವ, ಅಂಗಿ ಬೆನ್ನಿಗೆ ಅಂಟುವ ಕಾಲ. ಪ್ರಿಯೆಯನ್ನು ಹಾಗೆ ಹೋಲಿಸಿದರೆ ಜಗಳವೇ ಆದೀತು. ನಮ್ಮಲ್ಲಿ ಹಿತವಾದ ಬಿಸಿಲೆಂದರೆ ಆಟಿಯ ಮಳೆ ಹಿಂದೆ ಸರಿದು ಸೋಣ ತಿಂಗಳಲ್ಲಿ ಹೊರಬೀಳುವ ಎಳೆಬಿಸಿಲು. ಅದೇ ತಿಂಗಳನ್ನು ಚಿಙ್ಙಂ ಎನ್ನುವ ಮಲಯಾಳಿಗಳು ಆ ಬಿಸಿಲನ್ನು 'ಓಣವೆಯಿಲ್' ಎಂದು ಕರೆಯುತ್ತಾರೆ. ಒಳ್ಳೆಯ ಅನುವಾದಕನಿಗೆ ಇಂಥ ಪದ ಹೊಳೆಯುವುದು ಮೂರು ತಿಂಗಳು ಮಳೆಯಲ್ಲಿ ನೆನೆದ ಮೈಗೆ ಆ ಬಿಸಿಲು ತಾಗಿದ ನೆನಪಿನಿಂದ. ಯಂತ್ರವೂ ಈ ಪದವನ್ನು ಕೊಡಲಾರದು ಎಂದು ಹಟ ಹಿಡಿಯುವುದು ಸರಿಯಲ್ಲ. ಓಣದ ಬಿಸಿಲಿನ ಬಗ್ಗೆ ಬರೆದವರ ಮಾತುಗಳು ಅದರ ಹೊಟ್ಟೆಯಲ್ಲಿವೆ. ಆದರೆ ಅದು ಕೊಡುವುದು ಇತರರ ಮೈಯ ನೆನಪನ್ನು. ಬರೆದವರಿಲ್ಲದಿದ್ದರೆ ಅದರ ಭಂಡಾರ ಬರಿದು. ಸೋಣದ ಬಿಸಿಲಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಇಲ್ಲವಾದ ದಿನ ಯಂತ್ರದ ಕನ್ನಡದಲ್ಲಿಯೂ ಆ ಬಿಸಿಲು ಇರದು.

ಎರಡು ಭಾಷೆಗಳ ನಡುವೆ ಬದುಕುವವರಿಗೆ ಪದದ ಮೋಸ ಬೇಗ ಗೊತ್ತಾಗುತ್ತದೆ. ಕನ್ನಡದ ಉಪನ್ಯಾಸ ಮಲಯಾಳದಲ್ಲಿ ಪ್ರಸಂಗ; ಮಲಯಾಳದ ಉಪನ್ಯಾಸ ಕನ್ನಡದಲ್ಲಿ ಪ್ರಬಂಧ; ಕನ್ನಡದ ಪ್ರಸಂಗವಾದರೋ ಯಕ್ಷಗಾನಕ್ಕೆ ಸೇರಿದ್ದು. ಮಲಯಾಳದ 'ಅವಸರಂ' ಎಂದರೆ ಅವಕಾಶ, ನಮ್ಮ ಅವಸರವೆಂದರೆ ಗಡಿಬಿಡಿ. ಬ್ಯಾಂಕಿನಲ್ಲಿ ಇಡುವ ಠೇವಣಿ ಮಲಯಾಳದಲ್ಲಿ 'ನಿಕ್ಷೇಪಂ'. ಕನ್ನಡದಲ್ಲಿ ನಿಕ್ಷೇಪವೆಂದರೆ ನೆಲದಲ್ಲಿ ಹೂತಿಟ್ಟ ನಿಧಿ. ಸಂಸಾರವೆಂದರೆ ಅವರಿಗೆ ಮಾತು, ನಮಗೆ ಹೆಂಡತಿ ಮಕ್ಕಳು. 'ನಿನ್ನ ಸಂಸಾರ ಹೆಚ್ಚಾಯಿತು' ಎಂದು ನಮ್ಮ ಪೇಟೆಯಲ್ಲಿ ಯಾರಾದರೂ ಹೇಳಿದರೆ ಕೇಳಿದವನು ಎರಡೂ ಅರ್ಥವನ್ನು ಒಟ್ಟಿಗೇ ಕೇಳಿ ನಗುತ್ತಾನೆ. ಗಡಿನಾಡಿನವನ ಯೋಚನೆಯ ವಿಶೇಷ ಇದು: ಒಂದು ಪದದ ಎರಡು ಬಾಗಿಲೂ ಅವನಿಗೆ ತೆರೆದಿರುತ್ತವೆ.

ಯಂತ್ರಾನುವಾದದ ಹಿಂದಿನ ಪದ್ಧತಿಯಲ್ಲಿ ಕನ್ನಡದಿಂದ ಮಲಯಾಳಕ್ಕೆ ಹೋಗುವ ಮಾತು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಹಾದುಹೋಗುತ್ತಿತ್ತು. ಮಂಜೇಶ್ವರದಿಂದ ಉಪ್ಪಳಕ್ಕೆ ಲಂಡನ್ನಿನ ಮೇಲಾಗಿ ಹೋದಂತೆ! ನೀನು, ನೀವು, ತಾವು ಎಂಬ ಮರ್ಯಾದೆಯ ಮೆಟ್ಟಿಲುಗಳೆಲ್ಲ ದಾರಿಯಲ್ಲಿ ಬಿದ್ದುಹೋಗುತ್ತಿದ್ದವು. 2017ರಲ್ಲಿ ಗೂಗಲಿನ ಸಂಶೋಧಕರು ಪ್ರಕಟಿಸಿದ 'ಟ್ರಾನ್ಸ್‌ಫಾರ್ಮರ್' ಎಂಬ ರಚನೆಯ ಬಳಿಕ ಸ್ಥಿತಿ ಬಹಳ ಸುಧಾರಿಸಿದೆ. ಒಂದೊಂದು ಪದವೂ ವಾಕ್ಯದ ಉಳಿದ ಪದಗಳೆಲ್ಲವನ್ನೂ ಗಮನಿಸಿ ತನ್ನ ಅರ್ಥವನ್ನು ನಿಶ್ಚಯಿಸುವ ಏರ್ಪಾಡು ಅದು. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ತುಳುವೂ ಸೇರಿತು. ಇದನ್ನು ನಾವು ಸಂತೋಷದಿಂದ ಸ್ವಾಗತಿಸಬೇಕು. ಮಲಯಾಳದಲ್ಲಿ ಬಂದ ನೋಟೀಸನ್ನು ಕೈಯಲ್ಲಿ ಹಿಡಿದು ಯಾರಾದರೂ ಓದಿಹೇಳುವವರು ಸಿಗುವರೇ ಎಂದು ಕಾಯುತ್ತಿದ್ದ ಕನ್ನಡದ ಹಿರಿಯರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಭಾಷೆ ಬಳಸುವುದೂ ಭಾಷೆ ತಿಳಿಯುವುದೂ ಒಂದೇ ಅಲ್ಲ. ಜಾನ್ ಸರ್ಲ್ ಎಂಬ ಅಮೆರಿಕದ ತತ್ತ್ವಜ್ಞಾನಿ 1980ರಲ್ಲಿ ಟ್ಯೂರಿಂಗನಿಗೆ ಕೊಟ್ಟ ಉತ್ತರದ ತಿರುಳು ಇದು. ಚೀನೀ ಭಾಷೆ ಬಾರದವನೊಬ್ಬ ಕೋಣೆಯಲ್ಲಿ ಕುಳಿತು, ಇಂಥ ಆಕಾರದ ಅಕ್ಷರ ಬಂದರೆ ಇಂಥ ಆಕಾರದ ಅಕ್ಷರ ಕೊಡು ಎಂಬ ನಿಯಮದ ಪುಸ್ತಕ ನೋಡಿ ಚೀಟಿಗಳಿಗೆ ಉತ್ತರ ಕೊಡುತ್ತಾನೆ. ಹೊರಗಿನವರು ಅವನಿಗೆ ಚೀನೀ ಬರುತ್ತದೆ ಎಂದುಕೊಳ್ಳುತ್ತಾರೆ. ಬ್ಯಾಂಕಿನ ಕೌಂಟರನ್ನು ಕಂಡವರಿಗೆ ಈ ಕಲ್ಪನೆ ವಿಚಿತ್ರವೆನಿಸದು. ದೂರದ ರಾಜ್ಯದಿಂದ ವರ್ಗವಾಗಿ ಬಂದ ನೌಕರ ಮಲಯಾಳದ ಒಂದಕ್ಷರ ಬಾರದಿದ್ದರೂ ಫಾರಮಿನ ಮೇಲಿನ 'ನಿಕ್ಷೇಪಂ', 'ಪಿನ್‌ವಲಿಕ್ಕಲ್' ಎಂಬ ಪದಗಳ ಆಕಾರ ಗುರುತಿಟ್ಟುಕೊಂಡು ಇಡೀ ದಿನ ಹಣ ತೆಗೆದುಕೊಂಡು, ಹಣ ಕೊಟ್ಟು ಕೆಲಸ ಮುಗಿಸಬಲ್ಲ. ಲೆಕ್ಕವೂ ಸರಿಯಾಗುತ್ತದೆ. ಆದರೆ ಗಂಡ ತೀರಿಕೊಂಡ ಬಳಿಕ ಪಾಸುಪುಸ್ತಕ ಹಿಡಿದುಕೊಂಡು ಬಂದ ಹೆಂಗಸು ಹೇಳುವ ಮಾತು ಯಾವ ಫಾರಮಿನಲ್ಲಿಯೂ ಇರುವುದಿಲ್ಲ. ಅಲ್ಲಿ ಬೇಕಾಗುವುದು ತಿಳಿಯುವ ಮನುಷ್ಯ.

4

ಟ್ಯೂರಿಂಗ್ ಎದುರಿಸುವ ಒಂಬತ್ತು ಆಕ್ಷೇಪಗಳಲ್ಲಿ ಇಂದಿಗೂ ಜೀವಂತವಾಗಿರುವುದು ಲೇಡಿ ಲವ್‌ಲೇಸಳದು. ಬ್ಯಾಬೇಜನ ಗಣಕಯಂತ್ರದ ಬಗೆಗೆ 1843ರಲ್ಲಿ ಬರೆದ ಟಿಪ್ಪಣಿಯಲ್ಲಿ, ಯಂತ್ರ ತಾನಾಗಿ ಏನನ್ನೂ ಹುಟ್ಟಿಸದು, ನಾವು ಹೇಳಿದುದನ್ನು ಮಾಡುವುದಷ್ಟೇ ಎಂದಿದ್ದಳು. ಯಂತ್ರಗಳು ತನ್ನನ್ನು ಆಗಾಗ ಆಶ್ಚರ್ಯಗೊಳಿಸುತ್ತವೆ ಎಂಬುದು ಟ್ಯೂರಿಂಗನ ಉತ್ತರ. 2016ರ ಮಾರ್ಚಿನಲ್ಲಿ ಅವನ ಮಾತಿಗೆ ದೊಡ್ಡ ಸಾಕ್ಷಿ ದೊರೆಯಿತು. ದಕ್ಷಿಣ ಕೊರಿಯದ ಸಿಯೋಲಿನಲ್ಲಿ 'ಗೋ' ಆಟದ ಮಹಾಪಟು ಲೀ ಸೆಡೋಲ್‌ನೊಂದಿಗೆ ಆಡಿದ ಆಲ್ಫಾಗೋ ಎಂಬ ಯಂತ್ರ ಎರಡನೆಯ ಆಟದ 37ನೆಯ ನಡೆಯಲ್ಲಿ ಯಾರೂ ಎಣಿಸದ ಕಡೆ ಕಾಯಿಯಿಟ್ಟಿತು. ನೋಡುತ್ತಿದ್ದ ಪಂಡಿತರು ತಪ್ಪೆಂದುಕೊಂಡರು. ಮನುಷ್ಯ ಅಲ್ಲಿ ಆಡುವ ಸಂಭವ ಹತ್ತು ಸಾವಿರದಲ್ಲೊಂದು ಎಂಬುದು ಯಂತ್ರದ್ದೇ ಲೆಕ್ಕ. ಆಟವನ್ನೂ ಅದು ಗೆದ್ದಿತು. ಇದನ್ನು ಹೊಸತಲ್ಲ ಎನ್ನಲು ಸಾಧ್ಯವಿಲ್ಲ.

ಆದರೆ ಹೊಸತರಲ್ಲಿಯೂ ಎರಡು ಬಗೆಯಿದೆ. ಪಾದದ ಎರಡನೆಯ ಅಕ್ಷರ ಎಲ್ಲ ಪಾದಗಳಲ್ಲಿಯೂ ಒಂದೇ ಇರಬೇಕೆಂಬ ಪ್ರಾಸನಿಯಮ ಕನ್ನಡ ಕಾವ್ಯವನ್ನು ಶತಮಾನಗಳ ಕಾಲ ಆಳಿತು. 1911ರ ಸುಮಾರಿಗೆ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದರು. ಮಲಯಾಳದಲ್ಲಿಯೂ ಇದೇ ದ್ವಿತೀಯಾಕ್ಷರ ಪ್ರಾಸದ ಮೇಲೆ ದೊಡ್ಡ ವಾದವಾಯಿತು. ಪ್ರಾಸ ಬೇಕೆಂದವರು ಕೇರಳವರ್ಮ ವಲಿಯ ಕೋಯಿತ್ತಂಬುರಾನ್. ಬೇಡವೆಂದವರು ಅವರ ಬಂಧುವೂ ಅವರ ಕೈಯಲ್ಲೇ ಓದಿದವರೂ ಆದ ಎ. ಆರ್. ರಾಜರಾಜವರ್ಮ. ಗೋವಿಂದ ಪೈಗಳಿಗಾಗಲಿ ರಾಜರಾಜವರ್ಮರಿಗಾಗಲಿ ಪ್ರಾಸ ಕೂಡಿಸಲು ಬಾರದೆ ಇದ್ದುದಲ್ಲ. ನಿಯಮಕ್ಕೆ ಅರ್ಥ ಬಲಿಯಾಗುತ್ತಿದೆ ಎಂದು ಕಂಡಾಗ ನಿಯಮವನ್ನೇ ಪ್ರಶ್ನಿಸಿದರು, ಟೀಕೆಗೆ ಎದೆಯೊಡ್ಡಿದರು.

ಆಲ್ಫಾಗೋ ನಿಯಮದೊಳಗೆ ಯಾರೂ ಕಾಣದ ನಡೆಯನ್ನು ಕಂಡಿತು. ಈ ನಿಯಮ ಸಾಕು ಎಂದು ಹೇಳುವ ಅಗತ್ಯ ಅದಕ್ಕೆ ಬೀಳಲಿಲ್ಲ. ಗೆಲುವೆಂದರೇನು ಎಂಬುದನ್ನು ಅದನ್ನು ಕಟ್ಟಿದವರು ಮೊದಲೇ ನಿಶ್ಚಯಿಸಿದ್ದರು. ಕವಿತೆಯಲ್ಲಿ ಗೆಲುವೆಂದರೇನು ಎಂಬುದು ಕವಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಪ್ರಾಸವುಳ್ಳ ಪದ್ಯಗಳನ್ನು ಮಾತ್ರ ಓದಿಸಿ ಬೆಳೆಸಿದ ಯಂತ್ರವೊಂದು ಇದ್ದರೆ ಅದು ಅತ್ಯುತ್ತಮ ಪ್ರಾಸಗಳನ್ನು ಕೂಡಿಸೀತು. ಪ್ರಾಸ ಬೇಡವೆಂದು ಹಟ ಹಿಡಿದೀತೇ? ಹಿಡಿಯಬೇಕಾದರೆ ಅದಕ್ಕೆ ಹೇಳಲೇಬೇಕಾದ ಮಾತೊಂದು ಇರಬೇಕು, ಆ ಮಾತು ಪ್ರಾಸದಲ್ಲಿ ಹಿಡಿಯದೆ ನೋಯಬೇಕು.

5

ಪ್ರಬಂಧದ ಕೊನೆಯಲ್ಲಿ ಟ್ಯೂರಿಂಗ್ ಒಂದು ಮುನ್ನೋಟ ಕೊಡುತ್ತಾನೆ. ದೊಡ್ಡವರ ಬುದ್ಧಿಯನ್ನು ನೇರವಾಗಿ ಕಟ್ಟುವ ಬದಲು ಮಗುವಿನ ಬುದ್ಧಿಯನ್ನು ಕಟ್ಟಿ ಅದಕ್ಕೆ ಪಾಠ ಹೇಳಿಕೊಟ್ಟರಾಯಿತು ಎನ್ನುತ್ತಾನೆ. ಕಲಿಕೆಯಿಂದಲೇ ಬೆಳೆದ ಇಂದಿನ ಯಂತ್ರಗಳನ್ನು ನೋಡಿದರೆ ಅವನ ದೂರದೃಷ್ಟಿಗೆ ತಲೆಬಾಗಬೇಕು. ಆದರೆ ಮಗುವಿನ ಮೆದುಳು ಅಂಗಡಿಯಿಂದ ತಂದ ನೋಟುಪುಸ್ತಕದಂತೆ, ಯಂತ್ರಭಾಗ ಸ್ವಲ್ಪ, ಖಾಲಿ ಹಾಳೆ ಬಹಳ ಎಂಬ ಅವನ ಹೋಲಿಕೆಯನ್ನು ಮಾತ್ರ ಮಕ್ಕಳನ್ನು ಸಾಕಿದವರು ಒಪ್ಪಲಾರರು.

ಲೆಕ್ಕ ಹಾಕಿ ನೋಡಿ. ಜಿಪಿಟಿ-3ನ್ನು ತಯಾರಿಸಲು ಓದಿಸಿದುದು ಸುಮಾರು 30,000 ಕೋಟಿ ಪದತುಂಡುಗಳು. ಹತ್ತು ವರ್ಷದ ಮಗು ಕೇಳಿದ ಮಾತನ್ನು ಎಷ್ಟೇ ಧಾರಾಳವಾಗಿ ಎಣಿಸಿದರೂ 10 ಕೋಟಿ ಪದ ದಾಟದು. ಮೂರು ಸಾವಿರ ಪಾಲು ಕಡಿಮೆ. ಅಷ್ಟರಲ್ಲಿಯೇ ಸಪ್ತಭಾಷೆಗಳ ನಮ್ಮ ನೆಲದ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಚೆನ್ನಾಗಿಯೇ ಸಂಭಾಳಿಸುತ್ತದೆ. ಇಪ್ಪತ್ತು ವಾಟಿನ ಬಲ್ಬು ಉರಿಯುವಷ್ಟೇ ಶಕ್ತಿ ಸಾಕು ಮೆದುಳಿಗೆ. ಇಷ್ಟು ಸ್ವಲ್ಪದರಲ್ಲಿ ಇಷ್ಟು ಹೇಗೆ? ಮಗು ಮಾತನ್ನು ಮಾತಾಗಿ ಕಲಿಯುವುದಿಲ್ಲ. ಹಸಿವಾದಾಗ ಕರೆಯಲು, ಅಜ್ಜಿಯ ಮಡಿಲು ಹತ್ತಲು, ಗೆಳೆಯನೊಡನೆ ಜಗಳಾಡಲು ಕಲಿಯುತ್ತದೆ. ಪ್ರತಿಯೊಂದು ಪದದ ಹಿಂದೆಯೂ ಒಬ್ಬ ವ್ಯಕ್ತಿ, ಒಂದು ಬಯಕೆ ಇರುತ್ತದೆ. ಮಗುಯಂತ್ರವನ್ನು ಶಾಲೆಗೆ ಕಳುಹಿಸಿದರೆ ಉಳಿದ ಮಕ್ಕಳು ಗೇಲಿ ಮಾಡಿಯಾರು ಎಂದು ಟ್ಯೂರಿಂಗ್ ತಮಾಷೆ ಮಾಡುತ್ತಾನೆ. ಆ ಗೇಲಿಯಿಂದ, ಗೆಳೆತನದಿಂದ ಮಗು ಕಲಿಯುವುದೇ ಬಹಳ ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ಹೆತ್ತವರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ತೋರುತ್ತದೆ. ಭಾಷೆ ಸಂದೇಶ ಸಾಗಿಸುವ ಗಾಡಿ ಮಾತ್ರವಾಗಿದ್ದರೆ ಯಂತ್ರ ಸಾಕು, ಎರಡು ಭಾಷೆಯ ಶ್ರಮ ಬೇಡ. ಆದರೆ ಮಕ್ಕಳು ಕನ್ನಡದಲ್ಲಿ ಕಲಿಯುವುದು ಮಾತಿಗೆ ಹೊಣೆಯಾಗುವುದನ್ನು, ಒಂದು ಪದದ ಎರಡು ಬಾಗಿಲನ್ನು ಕಾಣುವುದನ್ನು, ಹಿರಿಯರು ಕಟ್ಟಿದ ನಿಯಮವನ್ನು ಅರಿತು ಬೇಕಾದಾಗ ಬಿಡುವುದನ್ನು. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ತಂದಾಗ ನಾವು ಪ್ರತಿಭಟಿಸಿದೆವು. ಅದು ಮಲಯಾಳದ ಮೇಲಿನ ದ್ವೇಷದಿಂದಲ್ಲ, ಕನ್ನಡದ ಜಾಗ ಹೋಗಬಾರದು ಎಂಬುದರಿಂದ. ಆಗ ಉಳಿಸಿಕೊಳ್ಳಬೇಕೆಂದ ಜಾಗವನ್ನು ಈಗ ಮೊಬೈಲಿನ ಭರವಸೆಯ ಮೇಲೆ ನಾವೇ ಬಿಟ್ಟುಕೊಡುವುದು ವಿಪರ್ಯಾಸವಾದೀತು. ಮಲಯಾಳವನ್ನೂ ಮನುಷ್ಯರಿಂದಲೇ ಕಲಿಯೋಣ. ಈ ವಾರ್ಷಿಕದ ಎರಡು ಭಾಷೆಯ ಪುಟಗಳು ಒಂದೇ ಹೊಲಿಗೆಯಲ್ಲಿ ಕೂಡಿರುವುದೂ ಅದಕ್ಕಾಗಿಯೇ.

ಟ್ಯೂರಿಂಗನ ಪ್ರಬಂಧ ಓದಲೇಬೇಕಾದ ಕೃತಿ. ತರ್ಕ, ಹಾಸ್ಯ, ಧೈರ್ಯ ಮೂರೂ ಇಂಥ ಬರೆಹದಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ಯೋಚನೆಯೆಂದರೆ ಕೇಳಿದುದಕ್ಕೆ ಉತ್ತರ ಕೊಡುವುದು ಎಂದು ಅವನು ಹಿಡಿದುದಷ್ಟೇ ಅದರ ಕೊರತೆ. ಬ್ಯಾಂಕಿನಲ್ಲಿ ಮೊತ್ತ ಹಾಕುವುದನ್ನು ಯಂತ್ರಕ್ಕೆ ಬಿಟ್ಟು ಬಹಳ ಕಾಲವಾಯಿತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಓಚರಿನ ಕೆಳಗೆ ಇಂದಿಗೂ ಮನುಷ್ಯನೊಬ್ಬ ಸಹಿ ಹಾಕಬೇಕು. ನಾಳೆ ಲೆಕ್ಕದಲ್ಲಿ ನೂರು ಕಡಿಮೆ ಬಂದರೆ ಕರೆಸಿ ಕೇಳುವುದು ಆ ಸಹಿಯವನನ್ನು.